ಕ್ಲೈಂಬ್‌ನಲ್ಲಿ ಏರುತ್ತಿದ್ದ ಆಯಿಲ್ ಬಿಸಿ: ತೊಂದರೆ ಇದ್ದದ್ದು ಡಕ್ಟಿನಲ್ಲಿ

ನನ್ನ ಸಣ್ಣ ವಿಮಾನದ ಇಂಜಿನ್ ಆಯಿಲ್ ಟೆಂಪರೇಚರ್ ಕೊನೆಗೂ ಒಂದು ಕಡೆ ನಿಂತಿದೆ! ಹೊರಗೆ 28 ಡಿಗ್ರಿ, ಗಂಟೆಗೆ 100 ಮೈಲಿ ವೇಗದಲ್ಲಿ ಪೂರ್ತಿ ಪವರ್ ಕ್ಲೈಂಬ್ (ಮೇಲಕ್ಕೆ ಏರುವುದು). ಇಂಜಿನ್ನಿಗೆ ಹೋಗುವ ಆಯಿಲ್ 92ಕ್ಕೆ ಬಂದು ಅಲ್ಲೇ ನಿಂತಿತು. ಐದು ಸಾವಿರ ಅಡಿ ತಲುಪುವವರೆಗೂ ಕದಲಲಿಲ್ಲ. (ಎಲ್ಲವೂ ಸೆಲ್ಸಿಯಸ್. ಇಲ್ಲಿ ಟೆಕ್ಸಾಸಿನಲ್ಲಿ ಗೇಜು ಫ್ಯಾರನ್‌ಹೀಟ್ ತೋರಿಸುತ್ತದೆ, ಆದರೆ ನಮಗೆ ಓದಲು ಇದೇ ಸುಲಭ ಅಲ್ವಾ.) ಮೊದಲು ಇದೇ ಕ್ಲೈಂಬ್‌ನಲ್ಲಿ, ಇದಕ್ಕಿಂತ ತಂಪಾದ ದಿನಗಳಲ್ಲೂ, 108 ಮುಟ್ಟಿ ಇನ್ನೂ ಏರುತ್ತಿತ್ತು. ನಾನು ಇಟ್ಟುಕೊಂಡ ಮಿತಿ 99. ಪ್ರತಿ ಸಲ ಪವರ್ ಇಳಿಸಿ, ಮೂಗು ತಗ್ಗಿಸಿ, ಏರ್‌ಪೋರ್ಟಿನ ಮೇಲೇ ಸುತ್ತುತ್ತಾ ತಣ್ಣಗಾಗಲು ಕಾಯಬೇಕಿತ್ತು.

ಹೊಸಬರಿಗೆ ಎರಡು ಮಾತು. ವಿಮಾನ ಆರ್‌ವಿ-7, ಕಿಟ್ ತಂದು ಕಟ್ಟುವ ಎರಡು ಸೀಟಿನದು. ಇಂಜಿನ್ ಮಜ್ದಾ ಆರ್‌ಎಕ್ಸ್-8 ಕಾರಿನ ರೆನೆಸಿಸ್, ಪಿಸ್ಟನ್ ಬದಲು ತ್ರಿಕೋನದ ರೋಟರ್ ತಿರುಗುವ ರೋಟರಿ ಇಂಜಿನ್, ಅಂದರೆ ಮಜ್ದಾ ರೋಟರಿಗಳ ನಮ್ಮ 13ಬಿ ಮನೆತನದ ಕೊನೆಯ ಮಗ. ಎರಡು ರೋಟರ್, ತಲಾ 654 ಸಿಸಿ. ಕೂಲೆಂಟ್‌ಗೆ ಜಿ.ಎಂ. ಕಾರುಗಳ ಎ.ಸಿ. ಇವ್ಯಾಪೊರೇಟರ್ ಕೋರ್ (ಫಿನ್‌ಗಳ ನಡುವೆ ಗಾಳಿ ಹಾಯುವ ಜಾಲರಿ) ಎರಡು, ಗುಜರಿಯಿಂದ ತಂದದ್ದು. ಆಯಿಲ್‌ಗೆ ಎರಡನೇ ತಲೆಮಾರಿನ ಆರ್‌ಎಕ್ಸ್-7ರ ಕೂಲರ್. ಕಾರಿನ ಇಂಜಿನ್ ಆದ್ದರಿಂದ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಲೆಕ್ಕದಲ್ಲಿ ಮೊದಲ ಹಂತದ ಪರೀಕ್ಷೆ 40 ಗಂಟೆ. ಅದು ಇನ್ನೂ ನಡೆಯುತ್ತಿದೆ.

ವಿಚಿತ್ರ ಏನೆಂದರೆ, ಕೂಲೆಂಟ್ (ಇಂಜಿನ್ ತಣಿಸುವ ನೀರು) ಯಾವತ್ತೂ ತಲೆನೋವು ಕೊಟ್ಟಿಲ್ಲ. ಆಯಿಲ್ 108 ಇದ್ದಾಗಲೂ ಅದು 88ರಲ್ಲಿ ಆರಾಮಾಗಿತ್ತು. ಪಿಸ್ಟನ್ ಇಂಜಿನ್ ಕಟ್ಟುವ ಗೆಳೆಯರು ಇದನ್ನು ಕೇಳಿ "ನೀರು ತಣ್ಣಗಿದೆಯಲ್ಲ, ಮತ್ತೇನು?" ಅಂತಾರೆ. ರೋಟರಿಯಲ್ಲಿ ಆಯಿಲ್ ಬರೀ ಜಾರಿಕೆಗಲ್ಲ. ನೀರು ಹೌಸಿಂಗ್‌ಗಳ (ರೋಟರ್ ಸುತ್ತಲಿನ ಕವಚ) ಒಳಗೆ ಮಾತ್ರ ಓಡುತ್ತದೆ, ರೋಟರ್ ಹತ್ತಿರ ಅದು ಸುಳಿಯುವುದಿಲ್ಲ. ರೋಟರ್ ಕೂತಿರುವ ಮುಖ್ಯ ಶಾಫ್ಟಿನ, ಅಂದರೆ ಎಕ್ಸೆಂಟ್ರಿಕ್ ಶಾಫ್ಟಿನ, ಜೆಟ್‌ಗಳು ರೋಟರಿನ ಹೊಟ್ಟೆಗೆ ಆಯಿಲ್ ಚಿಮ್ಮಿಸುತ್ತವೆ, ರೋಟರಿನ ಶಾಖವನ್ನೆಲ್ಲ ಹೊತ್ತು ತರುವುದು ಅದೇ. ಇಂಜಿನ್ ಹೊರಹಾಕಬೇಕಾದ ಶಾಖದಲ್ಲಿ ಸುಮಾರು ಮೂರನೇ ಒಂದು ಪಾಲು ಆಯಿಲ್ ಮೂಲಕವೇ ಹೋಗಬೇಕು. ಆಯಿಲ್ ಕೆಟ್ಟರೆ ಬೇರಿಂಗ್ ಮತ್ತು ರೋಟರಿನ ಆಯಿಲ್ ರಿಂಗ್ ಹೋಗುತ್ತವೆ. ಸುಮ್ನೆ ಬಿಡುವ ಮಾತಲ್ಲ.

ಎಲ್ಲರೂ ಕೊಟ್ಟ ಸಲಹೆ ಒಂದೇ: ಇನ್ನೂ ದೊಡ್ಡ ಕೂಲರ್ ಹಾಕು. ನನಗೆ ಅದು ಒಪ್ಪಿಗೆಯಾಗಲಿಲ್ಲ. ತೂಕ ಮುಂದಕ್ಕೆ ಬೀಳುತ್ತದೆ, ಡ್ರ್ಯಾಗ್ (ಗಾಳಿಯ ತಡೆ) ಜಾಸ್ತಿ, ಮತ್ತು ಇದೇ ಕೂಲರ್ ಬೇರೆಯವರ ವಿಮಾನಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿದೆ. ಹಾಗಾಗಿ ಮೊದಲು ಲೆಕ್ಕ. ಕ್ಲೈಂಬ್‌ನಲ್ಲಿ ಆಯಿಲ್ ಪಾಲು ಸುಮಾರು 35 ಕಿಲೋವಾಟ್ ಅಂತ ಹಿಡಿದೆ. ಕೂಲರ್ ದಾಟುವ ಗಾಳಿ 50 ಡಿಗ್ರಿ ಬಿಸಿಯಾದರೆ ಸೆಕೆಂಡಿಗೆ 0.7 ಕೆ.ಜಿ. ಗಾಳಿ ಸಾಕು. 100 ಮೈಲಿ ವೇಗದಲ್ಲಿ ಅದಕ್ಕೆ 130 ಚದರ ಸೆಂ.ಮೀ. ಬಾಯಿ ಸಾಕಾಗುತ್ತದೆ. ನನ್ನ ಇನ್‌ಲೆಟ್ ಅದಕ್ಕಿಂತ ದೊಡ್ಡದು. ಅಂದರೆ ಕಾಗದದ ಮೇಲೆ ಎಲ್ಲ ಸರಿ.

ಮೊದಲ ಅನುಮಾನ ಬೈಪಾಸ್ ಮೇಲೆ. ಈ ಕೂಲರ್ ಒಳಗೇ ಒಂದು ಥರ್ಮೋಸ್ಟಾಟಿಕ್ ಬೈಪಾಸ್ ಇದೆ, ನಿಮಗೆ ಗೊತ್ತು. ಅದು ಮುಚ್ಚದಿದ್ದರೆ ಬಿಸಿ ಆಯಿಲ್ ಕೋರ್ ಒಳಗೆ ಹೋಗದೆ ಅಡ್ಡದಾರಿಯಲ್ಲೇ ವಾಪಸ್ ಬರುತ್ತದೆ. ಬಿಚ್ಚಿ, ಬಿಸಿಗೆ ಉದ್ದವಾಗಿ ಬೈಪಾಸ್ ಮುಚ್ಚುವ ಪೆಲೆಟ್ಟನ್ನು ಬಿಸಿ ನೀರಿಗೆ ಹಾಕಿ ನೋಡಿದೆ. ಸರಿಯಾಗಿ ಉದ್ದವಾಯಿತು. ಶಾಫ್ಟಿನ ಮುಂದೆಯೂ ಇಂಥದ್ದೇ ಒಂದು ಪೆಲೆಟ್ ಇರುತ್ತದೆ, ಅದರ ಜಾಗಕ್ಕೆ ಇಂಜಿನ್ ಕಟ್ಟುವಾಗಲೇ ಗಟ್ಟಿ ಪ್ಲಗ್ ಹಾಕಿದ್ದೆ, ಅದರ ಚಿಂತೆ ಇಲ್ಲ.

ಇಲ್ಲಿ ಸಪ್ಲೈಯರ್ ಬಗ್ಗೆ ಹೇಳಲೇಬೇಕು. ಕೂಲರ್ ಬಿಚ್ಚಿದ ಮೇಲೆ ಹೋಸನ್ನೂ ಬದಲಿಸೋಣ ಅಂತ ಎಎನ್-12 ಅಳತೆಯ (ಹೋಸ್ ಫಿಟ್ಟಿಂಗ್‌ಗಳ ಅಳತೆಯ ನಂಬರು) 90 ಡಿಗ್ರಿ ಫಿಟ್ಟಿಂಗ್ ತರಿಸಿದೆ. ಚೀಟಿಯ ಮೇಲೆ 12, ಪೊಟ್ಟಣದ ಒಳಗೆ 10. ವಾಪಸ್ ಕಳಿಸಿದರೆ 12 ಬಂತು, ಆದರೆ 45 ಡಿಗ್ರಿಯದು. ಮೂರನೇ ಪೊಟ್ಟಣದಲ್ಲಿ ಸರಿಯಾದದ್ದು ಬಂತು, ಅದರ ಒಳಗೆ ಅಲ್ಯೂಮಿನಿಯಂ ಚೂರುಗಳು! ಲೇತ್ ಮೇಲಿಂದ ಇಳಿಸಿ ಹಾಗೇ ಕವರಿಗೆ ತುಂಬಿದ್ದಾರೆ. ಆ ಚೂರು ಬೇರಿಂಗಿಗೆ ಹೋಗಿದ್ದರೆ ಇಂಜಿನ್ನೇ ಹೋಗುತ್ತಿತ್ತು. ಹೊಸ ಫಿಟ್ಟಿಂಗ್, ಹೊಸ ಹೋಸ್, ಹೊಸ ಕೂಲರ್, ಯಾವುದೇ ಇರಲಿ, ತೊಳೆದು ಬೆಳಕಿಗೆ ಹಿಡಿದು ನೋಡದೆ ಹಾಕಬೇಡಿ. ಇಂಥ ಹೊತ್ತಿನಲ್ಲಿ ಬೆಂಗಳೂರಿನ ಜೆ.ಸಿ. ರಸ್ತೆ ನೆನಪಾಗುತ್ತದೆ. ಅಲ್ಲಾದರೆ ಸಾಮಾನನ್ನು ಕೈಯಲ್ಲಿ ಹಿಡಿದು ನೋಡಿಯೇ ದುಡ್ಡು ಕೊಡಬಹುದಿತ್ತು.

ಸರಿ, ಅಳತೆಗೆ ಬರೋಣ. ಕೂಲರಿನ ಆಯಿಲ್ ಇನ್ ಮತ್ತು ಔಟ್ ಎರಡಕ್ಕೂ ಥರ್ಮೋಕಪಲ್ (ಬಿಸಿ ಅಳೆಯುವ ತಂತಿ). ಕೋರಿನ ಹಿಂದೆ, ಗಾಳಿ ಹೊರಬರುವ ಕಡೆ, ನಾಲ್ಕು ಮೂಲೆಗೆ ನಾಲ್ಕು. ಕೋರಿನ ಮುಂದೆ ಹಿಂದೆ ಒತ್ತಡ ನೋಡಲು ಸಣ್ಣ ಅಲ್ಯೂಮಿನಿಯಂ ಕೊಳವೆ: ತುದಿ ಮುಚ್ಚಿ, ಬದಿಯಲ್ಲಿ ತೂತು ಕೊರೆದದ್ದು. ಅಲ್ಲಿಂದ ಕಾಕ್‌ಪಿಟ್ಟಿಗೆ ಪ್ಲಾಸ್ಟಿಕ್ ನಳಿಕೆ, ಬಣ್ಣದ ನೀರು ತುಂಬಿದ ಯು-ಟ್ಯೂಬ್. ಇನ್ನೊಂದು ತುದಿ ವಿಮಾನದ ಸ್ಟಾಟಿಕ್ ಲೈನಿಗೆ (ಹೊರಗಿನ ಗಾಳಿಯ ಸಹಜ ಒತ್ತಡ ತರುವ ಕೊಳವೆ). ದುಬಾರಿ ಸೆನ್ಸರ್ ಬೇಕಾಗಿಲ್ಲ. 100 ಮೈಲಿ ವೇಗದಲ್ಲಿ ಗಾಳಿಯ ಪೂರ್ತಿ ರ‍್ಯಾಮ್ ಒತ್ತಡವೇ (ಓಡುವ ವಿಮಾನಕ್ಕೆ ಎದುರು ಗಾಳಿ ಕೊಡುವ ತಳ್ಳು) ಸುಮಾರು 12 ಸೆಂ.ಮೀ. ನೀರು. ಕ್ಲೈಂಬ್‌ನಲ್ಲಿ ನಮ್ಮ ಕೈಯಲ್ಲಿರುವ ಒಟ್ಟು ಬಂಡವಾಳ ಅಷ್ಟೇ. 200 ಮೈಲಿಯಲ್ಲಿ ಅದು ನಾಲ್ಕು ಪಟ್ಟು. ಕ್ರೂಸ್‌ನಲ್ಲಿ (ಒಂದೇ ಎತ್ತರದಲ್ಲಿ ವೇಗವಾಗಿ ಹಾರುವಾಗ) ಎಲ್ಲ ರೋಟರಿಗಳೂ ತಣ್ಣಗಿರುವುದು, ಕ್ಲೈಂಬ್‌ನಲ್ಲಿ ಬೇಯುವುದು ಇದಕ್ಕೇ.

ಆಯಿಲ್ 126ರಲ್ಲಿ ಕೂಲರಿಗೆ ಹೋಗಿ 108ಕ್ಕೆ ಹೊರಬರುತ್ತಿತ್ತು. ಅಂದರೆ ಆಯಿಲ್ ಕೋರಿನ ಒಳಗೆ ಓಡುತ್ತಿದೆ, ಬೈಪಾಸ್ ನಿರಪರಾಧಿ. ಗಾಳಿಯ ಕಡೆ ನೋಡಿದರೆ ಎಲ್ಲ ಬಯಲಾಯಿತು. ಇನ್‌ಲೆಟ್‌ನಿಂದ ದೂರದ ಎರಡು ಮೂಲೆಗಳಲ್ಲಿ ಹೊರಬರುವ ಗಾಳಿ 50 ಡಿಗ್ರಿ ಆಸುಪಾಸು. ಹತ್ತಿರದ ಎರಡರಲ್ಲಿ 100ರ ಮೇಲೆ. ಗಾಳಿ ಆಯಿಲಿನಷ್ಟೇ ಬಿಸಿಯಾಗಿ ಬರುತ್ತಿದೆ ಅಂದರೆ ಅಲ್ಲಿ ಗಾಳಿಯ ಓಟವೇ ಇಲ್ಲ, ನಿಂತ ಗಾಳಿ ಬೇಯುತ್ತಿದೆ ಅಂತಲೇ ಅರ್ಥ. ಯು-ಟ್ಯೂಬ್ ಕೂಡ ಅದನ್ನೇ ಹೇಳಿತು. ಕೋರಿನ ಮುಂದೆ ದೂರದ ಮೂಲೆಯಲ್ಲಿ 9 ಸೆಂ.ಮೀ., ಹತ್ತಿರದ ಮೂಲೆಯಲ್ಲಿ 4. ಕೋರಿನ ಹಿಂದೆ ಎಲ್ಲೆಡೆ 3.5. ಅರ್ಧ ಕೋರಿಗೆ ಐದೂವರೆ ಸೆಂ.ಮೀ. ತಳ್ಳು, ಇನ್ನರ್ಧಕ್ಕೆ ಬರೀ ಅರ್ಧ ಸೆಂ.ಮೀ.!

ಕಾರಣ ಡಕ್ಟಿನ, ಅಂದರೆ ಇನ್‌ಲೆಟ್‌ನಿಂದ ಕೋರಿಗೆ ಗಾಳಿ ತರುವ ಕೊಳವೆಯ, ಆಕಾರ. ಇನ್‌ಲೆಟ್ ಮತ್ತು ಕೋರ್ ನಡುವೆ ಸಿಗುವ ಜಾಗ 25 ಸೆಂ.ಮೀ. ಅಷ್ಟರಲ್ಲಿ ಸಣ್ಣ ಬಾಯಿಂದ ದೊಡ್ಡ ಕೋರಿಗೆ ನೇರ ಗೋಡೆ ಎಳೆದರೆ ಕೋನ ತುಂಬ ಅಗಲವಾಗುತ್ತದೆ. ಗೋಡೆ ಪ್ರತಿ ಬದಿಗೆ ಏಳು ಡಿಗ್ರಿಗಿಂತ ಜಾಸ್ತಿ ತೆರೆದರೆ ಗಾಳಿ ಗೋಡೆ ಬಿಟ್ಟು ಹೋಗುತ್ತದೆ. ಬಿಟ್ಟ ಜಾಗದಲ್ಲಿ ಸುಳಿ ಕೂತಿರುತ್ತದೆ, ಒತ್ತಡ ಕಟ್ಟುವುದಿಲ್ಲ. ಏಳು ಡಿಗ್ರಿ ಡಕ್ಟಿಗೆ ಕೌಲಿಂಗ್ (ಇಂಜಿನ್ ಮುಚ್ಚುವ ಕವಚ) ಒಳಗೆ ಜಾಗವಿಲ್ಲ. ಇದಕ್ಕೆ ಉತ್ತರವನ್ನು ವಾಯುಚಲನೆಯ ತಜ್ಞರಾದ ಕುಷೆಮನ್ ಮತ್ತು ವೆಬರ್ ಹಿಂದೆಯೇ ಕೊಟ್ಟಿದ್ದಾರೆ, ನಮ್ಮವರು ಕೆ-ಡಬ್ಲ್ಯು ಡಕ್ಟ್ ಅನ್ನುವುದು ಅದನ್ನೇ. ಉಮ್ಮತ್ತಿ ಹೂವಿನ ಹಾಗೆ: ಬಹುಪಾಲು ಉದ್ದ ಸಪೂರ, ಕೊನೆಯಲ್ಲಿ ಕೋರಿನ ಹತ್ತಿರ ಒಮ್ಮೆಲೇ ಅರಳುವುದು. ಕೊನೆಯ ಭಾಗದಲ್ಲಿ ಕೋರಿನ ಅಡೆತಡೆಯೇ ಗಾಳಿಯನ್ನು ಅಗಲಕ್ಕೆ ಹರಡಿಸುತ್ತದೆ. ಅಲ್ಲಿ ಕೋನ ಎಷ್ಟಿದ್ದರೂ ಗಾಳಿ ಸಹಿಸುತ್ತದೆ.

ಫೋಮ್ ಕೆತ್ತಿ, ಮೇಲೆ ಫೈಬರ್‌ಗ್ಲಾಸ್ ಹೊದಿಸಿ, ಒಣಗಿದ ಮೇಲೆ ಫೋಮ್ ಕೆರೆದು ತೆಗೆದೆ. ಈ ಕೆಲಸ ನಿಮಗೆಲ್ಲ ಗೊತ್ತಿರುವುದೇ. ಒಂದನ್ನು ಮಾತ್ರ ಒತ್ತಿ ಹೇಳುತ್ತೇನೆ: ಡಕ್ಟ್ ಮತ್ತು ಕೋರ್ ಸೇರುವ ಅಂಚನ್ನು ಪೂರ್ತಿ ಮುಚ್ಚಿ. ಬಿಸಿ ತಡೆಯುವ ಸಿಲಿಕೋನ್ ಎಳೆದೆ, ಬೆಳಕು ಹಾಕಿ ಸಂದು ಹುಡುಕಿದೆ. ಗಾಳಿಗೆ ಫಿನ್ ನಡುವೆ ನುಗ್ಗುವುದಕ್ಕಿಂತ ಸಂದಿನಲ್ಲಿ ಜಾರುವುದು ಎಷ್ಟೋ ಸುಲಭ.

ಈಗ ನಾಲ್ಕು ಮೂಲೆಗಳಲ್ಲೂ ಗಾಳಿ 71ರಿಂದ 78ರ ಒಳಗೆ. ಮುಂದಿನ ಒತ್ತಡ ಎಲ್ಲೆಡೆ 8 ಸೆಂ.ಮೀ. ಸುತ್ತಮುತ್ತ. ಆಯಿಲ್ 113ಕ್ಕೆ ಹೋಗಿ 92ಕ್ಕೆ ಬರುತ್ತದೆ. ಗಮನಿಸಿದಿರಾ, ಮೊದಲು ಕೂಲರಿನಲ್ಲಿ 18 ಡಿಗ್ರಿ ಇಳಿಯುತ್ತಿತ್ತು, ಈಗ 21. ದೊಡ್ಡ ವ್ಯತ್ಯಾಸವೇ ಇಲ್ಲ. ಇಂಜಿನ್ ಕೊಡುವ ಶಾಖ ಅಷ್ಟೇ, ಆಯಿಲ್ ಓಟವೂ ಅಷ್ಟೇ, ಹಾಗಾಗಿ ಇಳಿಕೆ ಹೆಚ್ಚೂಕಡಿಮೆ ಅಷ್ಟೇ ಇರಲೇಬೇಕು. ಬದಲಾಗುವುದು ಎಷ್ಟು ಡಿಗ್ರಿಯಲ್ಲಿ ಬಂದು ನಿಲ್ಲುತ್ತದೆ ಅನ್ನುವುದು. "ನನ್ನ ಕೂಲರ್ 20 ಡಿಗ್ರಿ ಇಳಿಸುತ್ತದೆ" ಅಂತ ಯಾರಾದರೂ ಹೇಳಿದರೆ, ಅದರಿಂದ ಕೂಲರ್ ಒಳ್ಳೆಯದೋ ಕೆಟ್ಟದ್ದೋ ತಿಳಿಯುವುದಿಲ್ಲ.

ಈ ಅಳತೆ ಮಾಡುತ್ತಾ ಮಾಡುತ್ತಾ ಮುಂದಿನ ಇಂಜಿನ್ ತಲೆಗೆ ಹತ್ತಿದೆ. ಮಜ್ದಾ 2023ರಲ್ಲಿ ಎಂಎಕ್ಸ್-30 ಆರ್-ಇವಿ ಕಾರಿಗೆ ಜನರೇಟರ್ ಓಡಿಸಲು ತಂದ 8ಸಿ: ಒಂದೇ ರೋಟರ್, 830 ಸಿಸಿ, 55 ಕಿಲೋವಾಟ್. ಸೈಡ್ ಹೌಸಿಂಗ್ ಅಲ್ಯೂಮಿನಿಯಂ! ನಮ್ಮ ಎರಕದ ಕಬ್ಬಿಣದ ಪ್ಲೇಟುಗಳನ್ನು ಹೊತ್ತವರಿಗೆ ಅದರ ಬೆಲೆ ಗೊತ್ತು. ಒಂದು ಸಣ್ಣ ಸಿಂಗಲ್ ಸೀಟರ್‌ಗೆ ಹೇಳಿ ಮಾಡಿಸಿದಂತಿದೆ. ಆ ಕಾರು ಅಮೆರಿಕದಲ್ಲಿ ಮಾರಾಟವಾಗಲಿಲ್ಲ, ಇಂಜಿನ್ ಯುರೋಪಿನ ಅಥವಾ ಜಪಾನಿನ ಗುಜರಿಯಿಂದಲೇ ಬರಬೇಕು. ಅದಕ್ಕೆ ಬೇರೆ ಆಯಿಲ್ ಕೂಲರ್ ಇಡದೆ, ಕೂಲೆಂಟ್‌ನಿಂದಲೇ ಆಯಿಲ್ ತಣಿಸುವ ಎಕ್ಸ್‌ಚೇಂಜರ್ ಹಾಕುವ ಯೋಚನೆ. ಒಂದೇ ಡಕ್ಟ್, ಒಂದೇ ಬಾಯಿ, ಚಳಿಗಾಲದಲ್ಲಿ ಆಯಿಲ್ ಬೇಗ ಬೆಚ್ಚಗಾಗುತ್ತದೆ. ಆದರೆ ಆಯಿಲ್ ಯಾವತ್ತೂ ಕೂಲೆಂಟ್‌ಗಿಂತ ಕೆಳಗೆ ಇಳಿಯುವುದಿಲ್ಲ, ರೇಡಿಯೇಟರ್ ಅಷ್ಟು ದೊಡ್ಡದಾಗಬೇಕು. ಯಾರ ಬಳಿಯಾದರೂ 8ಸಿ ಇಂಜಿನ್ನಿನ ಬೋಲ್ಟ್ ಅಳತೆಗಳಿದ್ದರೆ ದಯವಿಟ್ಟು ಹಂಚಿಕೊಳ್ಳಿ.

ಈಗಿನ ಇಂಜಿನ್ನಿಗೆ ಇನ್ನೂ ಕೆಲಸ ಬಾಕಿ ಇದೆ. 28 ಡಿಗ್ರಿಯಲ್ಲಿ 92 ಅಂದರೆ, ಇಲ್ಲಿನ ಬೇಸಿಗೆಯ 40ರಲ್ಲಿ 104 ಆಗುತ್ತದೆ. ಇನ್ನೂ ಐದು ಡಿಗ್ರಿ ಬೇಕು. ಅದು ಇರುವುದು ಕೋರಿನ ಹಿಂದಿನ ಆ 3.5 ಸೆಂ.ಮೀ.ನಲ್ಲಿ. ಹೊರಬಾಗಿಲು ಚಿಕ್ಕದಾಗಿ ಗಾಳಿ ಅಲ್ಲೇ ತಡೆದು ನಿಂತಿದೆ. ಕ್ಲೈಂಬ್‌ನಲ್ಲಿ ತೆರೆದು ಕ್ರೂಸ್‌ನಲ್ಲಿ ಮುಚ್ಚುವ ಫ್ಲಾಪ್ ಮಾಡುತ್ತಿದ್ದೇನೆ. 1935ರಲ್ಲೇ ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಇಂಜಿನಿಯರ್ ಮೆರೆಡಿತ್ ತೋರಿಸಿದ್ದರು: ಬಿಸಿಯಾದ ಗಾಳಿಯನ್ನು ಸರಿಯಾದ ಅಳತೆಯ ಬಾಯಿಂದ ಹಿಂದಕ್ಕೆ ಚಿಮ್ಮಿಸಿದರೆ ಕೂಲಿಂಗ್ ಡ್ರ್ಯಾಗ್‌ನಲ್ಲಿ ಒಂದಷ್ಟು ವಾಪಸ್ ಸಿಗುತ್ತದೆ. ಮಸ್ಟ್ಯಾಂಗ್ ಯುದ್ಧವಿಮಾನದ ಹೊಟ್ಟೆಯಲ್ಲಿದ್ದದ್ದು ಅದೇ ವಿದ್ಯೆ. ಹಿಂಜ್ ಮತ್ತು ಸರ್ವೋ ಬಂದಿವೆ, ಈ ಸಲ ಅಳತೆ ಸರಿಯಾಗಿದೆ. ಫ್ಲಾಪ್ ತೆರೆದಾಗ ಹಿಂದಿನ ಒತ್ತಡ 1 ಸೆಂ.ಮೀ.ಗೆ ಇಳಿಯಬೇಕು ಅನ್ನುವುದು ನನ್ನ ಗುರಿ. ಯು-ಟ್ಯೂಬ್ ಇನ್ನೂ ಬಿಚ್ಚಿಲ್ಲ.