ಮಂಡಕ್ಕಿ ಕೊಡಿಸ್ತೀನಿ ಅಂತ

ಭಾನುವಾರ, 16 ನವೆಂಬರ್ 2025
ದಾವಣಗೆರೆ

ಮಧ್ಯಾಹ್ನ ಮೊಬೈಲಿನಲ್ಲಿ ‘ಗ್ರೆಟೆಲ್ ಅಂಡ್ ಹ್ಯಾನ್ಸೆಲ್’ ನೋಡಿದೆ. 2020ರ ಸಿನಿಮಾ. ಕಾಡಿನಲ್ಲಿ ಬಿಟ್ಟುಬಂದ ಹ್ಯಾನ್ಸೆಲ್, ಗ್ರೆಟೆಲ್ ಎಂಬ ಮಕ್ಕಳಿಬ್ಬರು ಮಾಟಗಾತಿಯ ಕೈಗೆ ಸಿಗುವ ಅದೇ ಮಿಠಾಯಿ ಮನೆಯ ಕಥೆ, ಆದರೆ ಇಲ್ಲಿ ಮಿಠಾಯಿ ಇಲ್ಲ. ಕಾಡಿನ ನಡುವೆ ಕಪ್ಪು ಮನೆ, ಒಳಗೆ ಮೇಜಿನ ತುಂಬ ಊಟ. ಇಲ್ಲಿ ಗ್ರೆಟೆಲ್ ಅಕ್ಕ, ಸಿನಿಮಾದ ಹೆಸರಲ್ಲೂ ಅವಳೇ ಮೊದಲು. ನನಗೆ ಮಾಟಗಾತಿಗಿಂತ ಜಾಸ್ತಿ ಭಯವಾಗಿದ್ದು ಶುರುವಿನಲ್ಲೇ, ಹೆತ್ತ ತಾಯಿ ಮಕ್ಕಳಿಬ್ಬರನ್ನೂ ಮನೆಯಿಂದ ಹೊರಗೆ ಹಾಕುವಾಗ.

ಅವ್ವ ಪಕ್ಕದಲ್ಲೇ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. “ಯಾಕೆ ಮುಖ ಸಣ್ಣ ಮಾಡ್ಕೊಂಡಿದೀಯ?” ಅಂದಳು. ಕಥೆ ಹೇಳಿದೆ. ನಾವು ಓದಿದ್ದರಲ್ಲಿ ಮಲತಾಯಿ ಇದ್ದಳಲ್ವಾ, ಜರ್ಮನಿಯ ಗ್ರಿಮ್ ಅಣ್ಣತಮ್ಮಂದಿರು ಈ ಕಥೆಯನ್ನು 1812ರಲ್ಲಿ ಮೊದಲು ಅಚ್ಚು ಹಾಕಿಸಿದಾಗ ಅವಳು ಸ್ವಂತ ತಾಯಿಯೇ. 1840ರ ಮುದ್ರಣದಲ್ಲಿ ಮಲತಾಯಿ ಮಾಡಿದರು. ಒಳ್ಳೆಯದೇ ಮಾಡಿದರು, ಹೆತ್ತವಳು ಹಾಗೆ ಮಾಡ್ತಾಳಾ ಅಂದೆ.

ಅವ್ವನ ಕೈ ನಿಂತಿತು.

“ನನ್ನನ್ನೂ ಬಿಟ್ಟು ಬಂದಿದ್ಲು ನೋಡವ್ವ.”

ಜಗಳೂರು ಸೀಮೆಯ ಬರ ಗೊತ್ತಲ್ಲ. ಅವ್ವನಿಗೆ ಆಗ ಏಳು ವರ್ಷ. ಮಂಡಕ್ಕಿ ಮಿರ್ಚಿ ಕೊಡಿಸ್ತೀನಿ ಅಂತ ಅಜ್ಜಿ ಬಸ್ಸು ಹತ್ತಿಸಿದಳಂತೆ. ಹರಿಹರದಲ್ಲಿ ದೊಡ್ಡವ್ವನ ಮನೆ. ಅಲ್ಲಿ ಹೊಳೆ ಇದೆ, ಗದ್ದೆ ಇದೆ, ಊಟಕ್ಕೆ ತೊಂದರೆ ಇಲ್ಲ. ಕಟ್ಟೆ ಮೇಲೆ ಕೂತು ಮಂಡಕ್ಕಿ ತಿಂದು ಮುಗಿಸಿ ತಿರುಗಿ ನೋಡಿದರೆ ಅಜ್ಜಿ ಇಲ್ಲ.

“ಕಿಟಕಿಯಿಂದ ದಾರಿ ನೋಡ್ಕೊಂಡಿದ್ದೆ. ಬತ್ತಿದ ಕೆರೆ ಎರಡು, ಹುಣಸೆ ತೋಪು, ಆಮೇಲೆ ದಾವಣಗೆರೆ ಮಿಲ್ಲಿನ ಚಿಮಣಿ. ನಡ್ಕೊಂಡೇ ವಾಪಸ್ ಹೋಗ್ತೀನಿ ಅಂದ್ಕೊಂಡಿದ್ದೆ.”

ಅಜ್ಜಿ. ನನಗೆ ರೊಟ್ಟಿ ಮೇಲೆ ಬೆಣ್ಣೆ ಇಟ್ಟು, ತಿಂದು ಮುಗಿಸುವ ತನಕ ಎದುರಿಗೇ ಕೂತಿರುತ್ತಿದ್ದ ಅಜ್ಜಿ! ಅವಳ ಮೇಲೆ ಸಿಟ್ಟು ಬಂತು. ಹಿಂದೆಯೇ ನಾಚಿಕೆಯೂ ಆಯಿತು.

“ನಿಂಗೆ ಸಿಟ್ಟು ಬರಲಿಲ್ವಾ?”

“ಆ ಮಂಡಕ್ಕಿಯಲ್ಲಿ ಅವಳು ಒಂದು ಕಾಳೂ ಬಾಯಿಗೆ ಹಾಕ್ಕೊಳ್ಳಲಿಲ್ಲ” ಅಂದಳು. ಮತ್ತೆ ಜೋಳ ಕೇರತೊಡಗಿದಳು.

ಸಂಜೆ ಕರೆಂಟ್ ಹೋಯಿತು. ನಾಳೆ ಮಗನಿಗೆ ಟೆಸ್ಟ್. ಮೇಣದಬತ್ತಿ ಹುಡುಕಿ, ಅವನಿಗೆ ಮಗ್ಗಿ ಹೇಳಿಸಿ ಸಾಕಾಯಿತು.

ಅವ್ವ ಎಷ್ಟು ದಿನ ಆ ಮನೆಯಲ್ಲಿ ಇದ್ದಳು, ಕರ್ಕೊಂಡು ಹೋಗಲು ಯಾರು ಬಂದರು, ಏನೂ ಕೇಳಲೇ ಇಲ್ಲ. ಈಗ ಅವ್ವ ಮಲಗಿದ್ದಾಳೆ. ಹಸನು ಮಾಡಿದ ಜೋಳ ಡಬ್ಬಿಯಲ್ಲಿ ಹಾಗೇ ಇದೆ. ಬೆಳಿಗ್ಗೆ ಗಿರಣಿಗೆ ಅವಳ ಜೊತೆ ನಾನೂ ಹೋಗಬೇಕು, ದಾರಿಯಲ್ಲಿ ಕೇಳಿದರೆ ಬಹುಶಃ…