ಕಾನ್ಫಿಗ್ ಮುಟ್ಟುವ ಮೊದಲು ನ್ಯಾಟ್ ಟೇಬಲ್ ಓದಿ

ಸಣ್ಣ ಆಫೀಸು, ಕ್ಲಿನಿಕ್, ಸೊಸೈಟಿಗಳಿಗೆ ನೆಟ್‌ವರ್ಕ್ ಹಾಕಿಕೊಡುವುದು ನನ್ನ ಕೆಲಸ. ನಮ್ಮಲ್ಲಿ ಹೊಸದಾಗಿ ಸೇರುವ ಹುಡುಗರಿಗೆ ರೂಟರ್‌ನಲ್ಲಿ ನ್ಯಾಟ್ ಹಾಕುವುದು, ಅಂದರೆ ಒಳಗಿನ ಕಂಪ್ಯೂಟರ್‌ಗಳ ಖಾಸಗಿ ಐಪಿ ವಿಳಾಸವನ್ನು ಹೊರಗೆ ಹೋಗುವಾಗ ಇಂಟರ್ನೆಟ್‌ನಲ್ಲಿ ನಡೆಯುವ ಪಬ್ಲಿಕ್ ಐಪಿಗೆ ಬದಲಿಸುವಂತೆ ಮಾಡುವುದು, ಬೇಗ ಬಂದುಬಿಡುತ್ತದೆ. ಸಿಸ್ಕೋ ರೂಟರ್ ಆದರೆ ನಾಲ್ಕೇ ಸಾಲು. ಒಳಗಿನ ಇಂಟರ್‌ಫೇಸ್‌ಗೆ (ರೂಟರ್‌ನಲ್ಲಿ ಆಫೀಸಿನ ಕಡೆಯ ಕಿಂಡಿಗೆ) ‘ಐಪಿ ನ್ಯಾಟ್ ಇನ್‌ಸೈಡ್’, ಹೊರಗಿನದಕ್ಕೆ ‘ಐಪಿ ನ್ಯಾಟ್ ಔಟ್‌ಸೈಡ್’, ಯಾವ ಐಪಿಗಳನ್ನು ಬದಲಿಸಬೇಕು ಎಂದು ಹೇಳುವ ಆಕ್ಸೆಸ್ ಲಿಸ್ಟ್, ಕೊನೆಗೆ ಆ ಲಿಸ್ಟನ್ನು ಹೊರಗಿನ ಇಂಟರ್‌ಫೇಸ್‌ಗೆ ಜೋಡಿಸಿ ಎಲ್ಲರೂ ಒಂದೇ ಐಪಿ ಹಂಚಿಕೊಳ್ಳುವಂತೆ ಮಾಡುವ ‘ಓವರ್‌ಲೋಡ್’ ಸಾಲು. ಅಷ್ಟೇ.

ಇಷ್ಟು ಹಾಕಿಯೂ ನೆಟ್ ಬರದಿದ್ದರೆ ಏನು ಮಾಡುತ್ತಾರೆ? ಸಾಲು ಅಳಿಸಿ ಮತ್ತೆ ಹಾಕುತ್ತಾರೆ. ರೂಟರ್ ರೀಸ್ಟಾರ್ಟ್ ಮಾಡುತ್ತಾರೆ. ನಾನು ಅವರಿಗೆ ಹೇಳುವುದು ಒಂದೇ: ಏನನ್ನೂ ಮುಟ್ಟಬೇಡಿ, ಮೊದಲು ‘ಶೋ ಐಪಿ ನ್ಯಾಟ್ ಟ್ರಾನ್ಸ್‌ಲೇಷನ್ಸ್’ ಕೊಡಿ, ಬಂದ ಟೇಬಲನ್ನು ಓದಿ.

ಒಳಗಿನ ಯಾವ ಕಂಪ್ಯೂಟರ್, ಯಾವ ಪೋರ್ಟ್‌ನಿಂದ (ಒಂದೊಂದು ಕನೆಕ್ಷನ್‌ಗೆ ಗುರುತಾಗಿರುವ ನಂಬರ್), ಹೊರಗೆ ಯಾರ ಜೊತೆ ಮಾತಾಡುತ್ತಿದೆ, ಹೊರಗೆ ಹೋಗುವಾಗ ಅದಕ್ಕೆ ಯಾವ ಐಪಿ, ಯಾವ ಪೋರ್ಟ್ ಸಿಕ್ಕಿದೆ ಎಂಬುದೆಲ್ಲ ಅಲ್ಲಿ ಒಂದೊಂದು ಸಾಲಾಗಿ ಇರುತ್ತದೆ. ಉತ್ತರ ವಾಪಸ್ ಬಂದಾಗ ರೂಟರ್ ಈ ಟೇಬಲ್ ನೋಡಿಯೇ ಅದನ್ನು ಯಾರಿಗೆ ಕೊಡಬೇಕೆಂದು ತಿಳಿಯುತ್ತದೆ. ಪೋರ್ಟ್ ನಂಬರ್ 65,535ರವರೆಗೆ ಇರುವುದರಿಂದಲೇ ಇಡೀ ಆಫೀಸು ಒಂದೇ ಪಬ್ಲಿಕ್ ಐಪಿಯಲ್ಲಿ ನಡೆಯುತ್ತದೆ.

ಒಂದು ಸೊಸೈಟಿಯಲ್ಲಿ ಹೊಸ ಕೌಂಟರ್‌ಗಳನ್ನು ಬೇರೆ ವಿಲ್ಯಾನ್‌ಗೆ, ಅಂದರೆ ನೆಟ್‌ವರ್ಕಿನ ಬೇರೆಯಾಗಿಟ್ಟ ಇನ್ನೊಂದು ಭಾಗಕ್ಕೆ, ಹಾಕಿದ್ದರು. ಹಳೆಯ ಕಂಪ್ಯೂಟರ್‌ಗಳಿಗೆ ನೆಟ್ ಇದೆ, ಹೊಸವಕ್ಕೆ ಇಲ್ಲ. ಹೊಸವಕ್ಕೂ ಐಪಿ ಸಿಕ್ಕಿದೆ, ಗೇಟ್‌ವೇಗೆ, ಅಂದರೆ ರೂಟರ್‌ಗೆ, ಪಿಂಗ್ ಕಳಿಸಿದರೆ ಉತ್ತರವೂ ಬರುತ್ತಿದೆ. ಹಾಗಾಗಿ ಎಲ್ಲರ ಅನುಮಾನ ಕೇಬಲ್ ಮೇಲೆ, ಆಂಟಿವೈರಸ್ ಮೇಲೆ. ಟೇಬಲ್‌ನಲ್ಲಿ 192.168.10 ಸರಣಿಯ ಸಾಲುಗಳು ತುಂಬಿದ್ದವು, 192.168.20ರದ್ದು ಒಂದೂ ಇರಲಿಲ್ಲ. ಆಕ್ಸೆಸ್ ಲಿಸ್ಟ್‌ಗೆ ಹೊಸ ಸರಣಿಯನ್ನು ಸೇರಿಸಿಯೇ ಇರಲಿಲ್ಲ. ಅಂದರೆ ಪ್ಯಾಕೆಟ್‌ಗಳು (ಕಳಿಸುವ ಡೇಟಾದ ತುಣುಕುಗಳು) ಒಳಗಿನ ಐಪಿಯನ್ನು ಹೊತ್ತುಕೊಂಡೇ ಹೊರಗೆ ಹೋಗುತ್ತಿದ್ದವು. 10, 172.16ರಿಂದ 172.31, 192.168 ಈ ಸರಣಿಗಳನ್ನು ಖಾಸಗಿ ಬಳಕೆಗೆ ಎಂದೇ 1996ರ ಆರ್‌ಎಫ್‌ಸಿ 1918 ಎಂಬ ಇಂಟರ್ನೆಟ್ ದಾಖಲೆ ತೆಗೆದಿಟ್ಟಿದೆ. ಇಂಟರ್ನೆಟ್‌ನಲ್ಲಿ ಅವಕ್ಕೆ ದಾರಿಯಿಲ್ಲ, ಉತ್ತರ ಬರುವ ಮಾತೇ ಇಲ್ಲ. ಲಿಸ್ಟ್ ಸರಿ ಇದ್ದೂ ಸಾಲು ಕಾಣದಿದ್ದರೆ ಆ ವಿಲ್ಯಾನ್‌ನ ಸಬ್‌ಇಂಟರ್‌ಫೇಸ್‌ನಲ್ಲಿ (ರೂಟರ್‌ನ ಇಂಟರ್‌ಫೇಸ್‌ನಲ್ಲಿ ಆ ವಿಲ್ಯಾನ್‌ಗೆಂದೇ ಮಾಡಿದ ಭಾಗ) ‘ಇನ್‌ಸೈಡ್’ ಇದೆಯಾ ನೋಡಿ. ಅದನ್ನು ಮರೆಯುವುದು ಇನ್ನೂ ಜಾಸ್ತಿ.

ಕೆಲವೊಮ್ಮೆ ಇರಬಾರದ ಸಾಲು ಇರುತ್ತದೆ. ಬ್ರಾಂಚ್‌ನಿಂದ ಹೆಡ್ ಆಫೀಸಿಗೆ ಐಪಿಸೆಕ್ ವಿಪಿಎನ್ (ಇಂಟರ್ನೆಟ್ ಮೇಲೆಯೇ ಎನ್‌ಕ್ರಿಪ್ಟ್ ಮಾಡಿ ಕಳಿಸುವ ಖಾಸಗಿ ದಾರಿ) ಹಾಕಿದ್ದಾರೆ, ನೆಟ್ ಚೆನ್ನಾಗಿದೆ, ಹೆಡ್ ಆಫೀಸಿನ ಸರ್ವರ್ ಮಾತ್ರ ಸಿಗುತ್ತಿಲ್ಲ. ಟೇಬಲ್‌ನಲ್ಲಿ ಆ ಸರ್ವರ್‌ನ ಐಪಿ ಕಂಡರೆ ಅಲ್ಲೇ ಉತ್ತರ ಸಿಕ್ಕಿತು. ಹೊರಗೆ ಹೋಗುವ ಪ್ಯಾಕೆಟ್‌ಗೆ ಸಿಸ್ಕೋದಲ್ಲಿ ಮೊದಲು ನ್ಯಾಟ್ ಆಗುತ್ತದೆ, ಆಮೇಲೆ ಎನ್‌ಕ್ರಿಪ್ಷನ್‌ಗೆ ಸೇರಬೇಕಾ ಎಂದು ನೋಡುತ್ತದೆ. ಐಪಿ ಆಗಲೇ ಬದಲಾಗಿರುವುದರಿಂದ ಪ್ಯಾಕೆಟ್ ವಿಪಿಎನ್‌ಗೆ ಸೇರುವುದಿಲ್ಲ. ಬ್ರಾಂಚ್‌ನಿಂದ ಹೆಡ್ ಆಫೀಸಿಗೆ ಹೋಗುವುದನ್ನು ನ್ಯಾಟ್ ಲಿಸ್ಟ್‌ನಲ್ಲಿ ‘ಡಿನೈ’ ಮಾಡಬೇಕು, ಅಂದರೆ ಬದಲಿಸಬೇಡ ಎನ್ನಬೇಕು, ಆ ಸಾಲು ಬದಲಿಸು ಎನ್ನುವ ‘ಪರ್ಮಿಟ್’ಗಿಂತ ಮೇಲಿರಬೇಕು. ಇಷ್ಟು ಮಾಡಿದ ಮೇಲೂ ಹಳೆಯ ಸಾಲು ಟೇಬಲ್‌ನಲ್ಲಿ ಉಳಿದಿರುತ್ತದೆ. ಸರಿಯಾಗಿ ಮುಚ್ಚದ ಟಿಸಿಪಿ ಕನೆಕ್ಷನ್‌ನ ಸಾಲು ಸುಮ್ನೆ ಬಿಟ್ಟರೆ 24 ಗಂಟೆ ಇರಬಹುದು. ಕ್ಲಿಯರ್ ಮಾಡಿ, ಆದರೆ ಕೌಂಟರ್‌ನಲ್ಲಿ ಜನ ನಿಂತಿರುವಾಗ ಪೂರ್ತಿ ಟೇಬಲ್ ಕ್ಲಿಯರ್ ಮಾಡಬೇಡಿ. ಎಲ್ಲರ ಕನೆಕ್ಷನ್ ಕಡಿದುಹೋಗುತ್ತದೆ.

ಈಗ ಜಾಸ್ತಿ ಬರುವ ದೂರು ಸಿಸಿಟಿವಿಯದು. “ಸರ್, ಪೋರ್ಟ್ ಫಾರ್ವರ್ಡ್ ಮಾಡಿದೀವಿ, ಮನೆಯಿಂದ ಕ್ಯಾಮೆರಾ ಕಾಣ್ತಿಲ್ಲ.” ಹೊರಗಿನಿಂದ ಆ ಪೋರ್ಟ್‌ಗೆ ಬಂದದ್ದನ್ನು ಡಿವಿಆರ್‌ಗೆ (ಕ್ಯಾಮೆರಾ ರೆಕಾರ್ಡ್ ಮಾಡುವ ಪೆಟ್ಟಿಗೆ) ಕೊಡು ಎಂದು ಹಾಕಿದ ಸ್ಟಾಟಿಕ್ ಸಾಲು ಟೇಬಲ್‌ನಲ್ಲಿ ಯಾವಾಗಲೂ ಇರುತ್ತದೆ, ಅದನ್ನು ನೋಡಿ ಸಮಾಧಾನ ಪಡಬೇಡಿ. ಮೊಬೈಲ್ ಡೇಟಾದಿಂದ ಆ ಪೋರ್ಟ್ ತೆರೆಯಿರಿ. ಆಫೀಸಿನ ವೈಫೈನಿಂದ ಬೇಡ, ಒಳಗಿನಿಂದಲೇ ಪಬ್ಲಿಕ್ ಐಪಿಗೆ ಹೋಗಿ ಮತ್ತೆ ಒಳಗೆ ಬರುವುದಕ್ಕೆ ಇನ್‌ಸೈಡ್-ಔಟ್‌ಸೈಡ್ ನ್ಯಾಟ್ ಸಾಲದು. ನಿಮ್ಮ ಮೊಬೈಲ್‌ ಕಡೆಯ ಐಪಿ ಸೇರಿ ಹೊಸ ಸಾಲು ಹುಟ್ಟಿದರೆ ಪ್ಯಾಕೆಟ್ ರೂಟರ್‌ಗೆ ಬಂದಿದೆ, ಡಿವಿಆರ್ ಕಡೆ ನೋಡಿ. ಅದರ ಗೇಟ್‌ವೇ ತಪ್ಪಾಗಿರುವುದು ಮಾಮೂಲು. ಹೊಸ ಸಾಲು ಹುಟ್ಟಲೇ ಇಲ್ಲವಾದರೆ ಹೊರಗಿನ ಇಂಟರ್‌ಫೇಸ್‌ನ ಐಪಿ ನೋಡಿ.

ಅದು 100.64ರಿಂದ 100.127ರ ಒಳಗಿದ್ದರೆ ನಿಮ್ಮ ಕೈಯಲ್ಲಿರುವುದು ಪಬ್ಲಿಕ್ ಐಪಿ ಅಲ್ಲ. ಐಪಿ ವಿಳಾಸಗಳ ಹಳೆಯ ಪದ್ಧತಿಯಾದ ಐಪಿವಿ4ನಲ್ಲಿ ಇರುವುದೇ ಸುಮಾರು 430 ಕೋಟಿ ಐಪಿ. ನಮ್ಮ ಏಷ್ಯಾ-ಪೆಸಿಫಿಕ್ ಭಾಗಕ್ಕೆ ಹಂಚುವ ಎಪಿನಿಕ್ 2011ರ ಏಪ್ರಿಲ್‌ನಲ್ಲೇ ತನ್ನ ಕೊನೆಯ ದೊಡ್ಡ ಬ್ಲಾಕ್‌ಗೆ ಬಂದಿತ್ತು. ಮರುವರ್ಷ ಈ 100.64 ಸರಣಿಯನ್ನು ಇಂಟರ್ನೆಟ್ ಕೊಡುವ ಕಂಪನಿಗಳ ಒಳಬಳಕೆಗೆ ತೆಗೆದಿಟ್ಟರು. ನಿಮ್ಮ ರೂಟರ್ ಒಂದು ಸಲ ನ್ಯಾಟ್ ಮಾಡಿದ್ದನ್ನು ಅವರು ತಮ್ಮಲ್ಲಿ ಇನ್ನೊಂದು ಸಲ ಮಾಡುತ್ತಾರೆ. ಹೊರಗಿನಿಂದ ಬಂದದ್ದು ಅವರಲ್ಲೇ ನಿಲ್ಲುತ್ತದೆ. ನಿಮ್ಮ ರೂಟರ್‌ನಲ್ಲಿ ಎಷ್ಟು ಪೋರ್ಟ್ ಫಾರ್ವರ್ಡ್ ಮಾಡಿದರೂ ಅಲ್ಲಿಗೆ ಮುಟ್ಟದು.

ಆಗ ಗ್ರಾಹಕರಿಗೆ ನೇರವಾಗಿ ಹೇಳಿ: ಕಂಪನಿಯಿಂದ ಸ್ಟಾಟಿಕ್ ಐಪಿ, ಅಂದರೆ ಬದಲಾಗದ ಪಬ್ಲಿಕ್ ಐಪಿ, ತೆಗೆದುಕೊಳ್ಳಿ, ಇಲ್ಲವೇ ಪಬ್ಲಿಕ್ ಐಪಿ ಇರುವ ಬೇರೆ ಕಡೆಗೆ ಈ ರೂಟರ್‌ನಿಂದಲೇ ವಿಪಿಎನ್ ಕಟ್ಟೋಣ. ನಾನು ಎರಡನೆಯದನ್ನೇ ಮೊದಲು ಹೇಳುತ್ತೇನೆ. ಹಳೆಯ ಸಾಫ್ಟ್‌ವೇರ್ ಇರುವ ಡಿವಿಆರನ್ನು ಇಡೀ ಇಂಟರ್ನೆಟ್‌ಗೆ ತೆರೆದಿಡುವುದು ನನಗೆ ಒಪ್ಪಿಗೆಯಿಲ್ಲ. ಸ್ಟಾಟಿಕ್ ಐಪಿಯೇ ಬೇಕು ಎಂದರೆ ಹಾಕಿಕೊಡುತ್ತೇನೆ, ಆದರೆ ಡಿವಿಆರ್‌ನ ಡೀಫಾಲ್ಟ್ ಪಾಸ್‌ವರ್ಡ್ ಬದಲಿಸದೆ ಪೋರ್ಟ್ ತೆರೆಯುವುದಿಲ್ಲ.