ಮೆಟ್ಟಿಲು ಇಳಿದು ನೋಡಿದ ಇಟಲಿ

ಅಮ್ಮನಿಗೆ ಮೆಟ್ಟಿಲು ಹತ್ತೋದು ಕಷ್ಟವಲ್ಲ, ಇಳಿಯೋದು ಕಷ್ಟ. ಮಂಡಿನೋವು ಇರುವವರಿಗೆ ಇದು ಗೊತ್ತಿರುತ್ತದೆ. ಬೆಂಗಳೂರಿನಿಂದ ಹೊರಡುವ ಮೊದಲು ನಾನು ಇಟಲಿಯ ಗುಡ್ಡದ ಮೇಲಿನ ಊರುಗಳನ್ನೆಲ್ಲ ಪಟ್ಟಿ ಮಾಡಿಕೊಂಡು, ಎಲ್ಲೆಲ್ಲಿ ಎಷ್ಟು ಏರು ಇದೆ ಅಂತ ಲೆಕ್ಕ ಹಾಕಿದ್ದೆ. ಇಳಿಯೋ ಲೆಕ್ಕ ಹಾಕಿರಲಿಲ್ಲ. ಕೊನೆಗೆ ಆ ಹತ್ತು ದಿನದಲ್ಲಿ ನಾವು ಬಾಯಿ ಬಿಟ್ಟುಕೊಂಡು ನೋಡಿದ್ದರಲ್ಲಿ ಹೆಚ್ಚಿನದೆಲ್ಲ ನೆಲದ ಕೆಳಗೇ ಇತ್ತು.

ರೋಮ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಕೊಲೋಸಿಯಂ ನೋಡಿದೆವು, ಸಾಲಿನಲ್ಲಿ ನಿಂತೆವು, ಕಾಲು ನೋಯಿಸಿಕೊಂಡೆವು. ಮೂರನೇ ದಿನ ಜನ ಕಡಿಮೆ ಇರುತ್ತಾರೆ ಅನ್ನೋ ಒಂದೇ ಆಸೆಗೆ ವಿಲ್ಲಾ ಜೂಲಿಯಾ ಮ್ಯೂಸಿಯಂಗೆ ಹೋದೆವು. ಅಲ್ಲೊಂದು ಕೋಣೆಯಲ್ಲಿ ಸುಟ್ಟ ಮಣ್ಣಿನ ಗಂಡ ಹೆಂಡತಿ ಮಂಚದ ಮೇಲೆ ಒರಗಿಕೊಂಡಿದ್ದಾರೆ. ಅದು ಶವಪೆಟ್ಟಿಗೆ. ಕ್ರಿ.ಪೂ. 6ನೇ ಶತಮಾನದ ಕೊನೆಯದು, ಚೆರ್ವೆತೆರಿ ಎಂಬ ಊರಲ್ಲಿ 1881ರಲ್ಲಿ ಸಿಕ್ಕಿದ್ದು. ಸಿಕ್ಕಾಗ ನಾನೂರರಷ್ಟು ಚೂರಾಗಿತ್ತಂತೆ. ಗಂಡನ ಕೈ ಹೆಂಡತಿಯ ಹೆಗಲ ಮೇಲಿದೆ. ಇಬ್ಬರ ತುಟಿಯಲ್ಲೂ ನಗು. ಅಮ್ಮ ಸುತ್ತ ಎರಡು ಸಲ ತಿರುಗಿ ಬಂದು, "ಇವರು ಸತ್ತವರ ಹಾಗೆ ಕಾಣಲ್ಲ ಕಣೇ. ಯಾರದೋ ಮದುವೆ ಊಟಕ್ಕೆ ಬಂದ ಹಾಗಿದ್ದಾರೆ" ಅಂದರು.

ಅವರು ಎಟ್ರಸ್ಕನ್ನರು. ರೋಮ್ ದೊಡ್ಡದಾಗುವ ಮೊದಲು ಟೈಬರ್ ಮತ್ತು ಆರ್ನೋ ನದಿಗಳ ನಡುವಿನ ಸೀಮೆ ಇವರದು. ಟಸ್ಕನಿ ಅನ್ನೋ ಹೆಸರೇ ಇವರಿಂದ ಬಂದಿದ್ದು. ಅವತ್ತು ರಾತ್ರಿ ಹೋಟೆಲಿನಲ್ಲಿ ಕೂತು, ಇವರ ಊರುಗಳನ್ನೇ ನೋಡೋಣ ಅಂತ ಫ್ಲಾರೆನ್ಸಿನ ಎರಡು ದಿನ ಕೈಬಿಟ್ಟೆವು. ಇಟಲಿಗೆ ಹೋಗಿ ಫ್ಲಾರೆನ್ಸ್ ನೋಡದೆ ಬಂದಿರಾ ಅಂತ ಈಗಲೂ ಎಲ್ಲರೂ ಕೇಳುತ್ತಾರೆ. ಕೇಳಲಿ ಬಿಡಿ.

ಮೊದಲು ತಾರ್ಕ್ವಿನಿಯಾ. ರೋಮಿನಿಂದ ಸಮುದ್ರದ ಪಕ್ಕದಲ್ಲೇ ಹೋಗುವ ರೈಲು. ಸ್ಟೇಷನ್ ಕೆಳಗಿದೆ, ಊರು ಗುಡ್ಡದ ಮೇಲಿದೆ. ನಾವು ಹೋಗಿದ್ದು ಭಾನುವಾರ. ಬಸ್ ಬರಬೇಕಾದ ಹೊತ್ತು ಕಳೆದು ಐವತ್ತು ನಿಮಿಷ ಆದರೂ ಬಸ್ ಇಲ್ಲ. ಇಟಲಿಯ ಸಣ್ಣ ಊರುಗಳಲ್ಲಿ ಭಾನುವಾರದ ಬಸ್ಸನ್ನು ನಂಬಬೇಡಿ. ಸೋಮವಾರ ಮ್ಯೂಸಿಯಂಗಳನ್ನು ನಂಬಬೇಡಿ, ಬಹಳಷ್ಟಕ್ಕೆ ರಜೆ. ಬಸ್ ಟಿಕೆಟ್ ಬೀಡಿ ಸಿಗರೇಟು ಅಂಗಡಿಯಲ್ಲಿ ಸಿಗುತ್ತದೆ, ಹೊರಗೆ ದೊಡ್ಡ 'ಟಿ' ಅಕ್ಷರದ ಬೋರ್ಡು ಇರುತ್ತದೆ. ಇಷ್ಟು ಗೊತ್ತಿದ್ದರೆ ಸಾಕು.

ಊರಾಚೆ ಮೊಂಟೆರೋಜ್ಜಿ ಅನ್ನೋ ಬಯಲು. ಮೇಲಿಂದ ನೋಡಿದರೆ ಏನೂ ಇಲ್ಲ. ಹುಲ್ಲು, ಗಾಳಿ, ದೂರದಲ್ಲಿ ಸಮುದ್ರ, ಅಲ್ಲಲ್ಲಿ ಪಂಪ್‌ಹೌಸಿನಂಥ ಪುಟ್ಟ ಪುಟ್ಟ ಶೆಡ್ಡುಗಳು. ಆ ಬಯಲಿನ ಕೆಳಗೆ ಸುಮಾರು 6000 ಗೋರಿಗಳಿವೆ. ಅದರಲ್ಲಿ ಬಣ್ಣದ ಚಿತ್ರ ಇರುವಂಥವು 200ರಷ್ಟು. 2004ರಲ್ಲಿ ಚೆರ್ವೆತೆರಿಯ ಜೊತೆ ಇದೂ ಯುನೆಸ್ಕೋ ಪಟ್ಟಿಗೆ ಸೇರಿತು. ಒಂದೊಂದು ಶೆಡ್ಡೂ ಒಂದೊಂದು ಗೋರಿಯ ಬಾಯಿ. ಕಡಿದಾದ ಮೆಟ್ಟಿಲು ಇಳಿಯಬೇಕು. ಕೆಳಗೆ ಗಾಜಿನ ಬಾಗಿಲು. ನಮ್ಮ ಉಸಿರಿನ ತೇವಕ್ಕೆ ಬಣ್ಣ ಕೆಡುತ್ತದೆ, ಅದಕ್ಕೇ ಒಳಗೆ ಬಿಡುವುದಿಲ್ಲ. ಗುಂಡಿ ಒತ್ತಿದರೆ ದೀಪ ಹತ್ತುತ್ತದೆ. ಸ್ವಲ್ಪ ಹೊತ್ತಾದ ಮೇಲೆ ತಾನಾಗಿ ಆರುತ್ತದೆ. ಮತ್ತೆ ಒತ್ತಬೇಕು.

ದೀಪ ಹತ್ತಿದ ಆ ಗಳಿಗೆ ನನಗೆ ಇವತ್ತೂ ಕಣ್ಣಿಗೆ ಕಟ್ಟಿದ ಹಾಗಿದೆ. ಚಿರತೆಗಳ ಗೋರಿ ಅದು, ಕ್ರಿ.ಪೂ. 5ನೇ ಶತಮಾನದ್ದು. ಎದುರು ಗೋಡೆಯ ಮೇಲೆ ಎರಡು ಚಿರತೆ. ಅದರ ಕೆಳಗೆ ಔತಣ ನಡೆಯುತ್ತಿದೆ. ಮಂಚಗಳ ಮೇಲೆ ಗಂಡಸರು ಹೆಂಗಸರು ಜೊತೆಯಲ್ಲೇ ಒರಗಿದ್ದಾರೆ. ಗಂಡಸರ ಮೈಗೆ ಇಟ್ಟಿಗೆ ಬಣ್ಣ, ಹೆಂಗಸರಿಗೆ ತಿಳಿ ಬಣ್ಣ. ಒಬ್ಬ ಮೊಟ್ಟೆಯೊಂದನ್ನು ಬೆರಳಲ್ಲಿ ಎತ್ತಿ ಹಿಡಿದು ತೋರಿಸುತ್ತಿದ್ದಾನೆ. ಪಕ್ಕದ ಗೋಡೆಯಲ್ಲಿ ಜೋಡಿ ಕೊಳಲು ಊದುವವನು ನಡೆದು ಬರುತ್ತಿದ್ದಾನೆ, ಹಿಂದೆ ತಂತಿವಾದ್ಯದವನು. ಹೆಂಡತಿಯರು ಗಂಡಂದಿರ ಜೊತೆ ಒಂದೇ ಮಂಚದಲ್ಲಿ ಒರಗಿ ಉಣ್ಣುವುದನ್ನು ಕಂಡು ಆಗಿನ ಗ್ರೀಕರು ಮೂಗು ಮುರಿದಿದ್ದರು. ಗ್ರೀಕರ ಇಂಥ ಔತಣಗಳಲ್ಲಿ ಮನೆಯ ಹೆಂಗಸರಿಗೆ ಜಾಗವೇ ಇರಲಿಲ್ಲ.

ಬೇಟೆ ಮತ್ತು ಮೀನುಗಾರಿಕೆಯ ಗೋರಿ ಇನ್ನೂ ಹಳೆಯದು, ಕ್ರಿ.ಪೂ. 6ನೇ ಶತಮಾನದ್ದು. ಅಲ್ಲಿ ಗೋಡೆ ತುಂಬ ಸಮುದ್ರ. ಹಕ್ಕಿಗಳು ಗುಂಪುಗುಂಪಾಗಿ ಹಾರುತ್ತಿವೆ, ಡಾಲ್ಫಿನ್ ನೆಗೆಯುತ್ತಿದೆ, ದೋಣಿಯಲ್ಲಿ ಕೂತವನು ಗಾಳ ಹಾಕುತ್ತಿದ್ದಾನೆ. ಬಂಡೆಯ ಮೇಲಿಂದ ಹುಡುಗನೊಬ್ಬ ತಲೆಕೆಳಗಾಗಿ ನೀರಿಗೆ ಧುಮುಕುತ್ತಿದ್ದಾನೆ. ಧುಮುಕಿ ಎರಡೂವರೆ ಸಾವಿರ ವರ್ಷ ಆಯಿತು, ಇನ್ನೂ ನೀರು ಮುಟ್ಟಿಲ್ಲ.

ಅಮ್ಮ ಐದು ಗೋರಿ ಇಳಿದರು. ಆರನೆಯದಕ್ಕೆ ಕೈ ಮುಗಿದರು. ಒಳ್ಳೆಯದೇ ಆಯಿತು. ಕ್ರಿ.ಪೂ. 4ನೇ ಶತಮಾನದ ಈಚಿನವುಗಳಲ್ಲಿ ಆ ಖುಷಿ ಇಲ್ಲ. ರೋಮ್ ಒಂದೊಂದೇ ಊರನ್ನು ನುಂಗುತ್ತಾ ಬರುತ್ತಿದ್ದ ಕಾಲ ಅದು. ಕೊಳಲಿನವನ ಜಾಗಕ್ಕೆ ಸುತ್ತಿಗೆ ಹಿಡಿದ ಖಾರುನ್ ಎಂಬ ಸಾವಿನ ದೂತ ಬರುತ್ತಾನೆ. ರೋಮ್ ಹತ್ತಿರವಾಗಿದ್ದಕ್ಕೇ ಚಿತ್ರ ಹೀಗೆ ಕಪ್ಪಾಯಿತು ಅಂತ ಖಡಾಖಂಡಿತ ಹೇಳೋಕಾಗಲ್ಲ. ನನಗಂತೂ ಹಾಗೇ ಅನ್ನಿಸಿತು.

ತಾರ್ಕ್ವಿನಿಯಾದ ಮ್ಯೂಸಿಯಂ 15ನೇ ಶತಮಾನದ ಒಂದು ಅರಮನೆಯಲ್ಲಿದೆ. ಎಲ್ಲರೂ ಅಲ್ಲಿಗೆ ಬರುವುದು ದೇವಸ್ಥಾನವೊಂದರ ಅಲಂಕಾರಕ್ಕಿದ್ದ ರೆಕ್ಕೆಯ ಜೋಡಿ ಕುದುರೆಗಳನ್ನು ನೋಡಲಿಕ್ಕೆ. ಅವೂ ಸುಟ್ಟ ಮಣ್ಣಿನವು. ಕತ್ತಿನ ನರ ಕೂಡ ಕಾಣುತ್ತದೆ.

ಅಲ್ಲಿಂದ ಓರ್ವಿಯೆತೊ. ಟಫ್ ಅನ್ನೋ ಮೆತ್ತನೆಯ ಜ್ವಾಲಾಮುಖಿ ಕಲ್ಲಿನ ದೊಡ್ಡ ದಿಬ್ಬದ ಮೇಲೆ ಊರು ಕೂತಿದೆ. ಸ್ಟೇಷನ್ ಎದುರಿನಿಂದಲೇ ಹಗ್ಗ ಎಳೆಯುವ ಪುಟ್ಟ ರೈಲು ಮೇಲಕ್ಕೆ ಕರೆದೊಯ್ಯುತ್ತದೆ. ಅಮ್ಮನಿಗೆ ಬಹಳ ಇಷ್ಟವಾದ ವಾಹನ ಅದು.

ಕಲ್ಲು ಮೆತ್ತಗಿದ್ದರೆ ಜನ ಸುಮ್ನೆ ಇರುತ್ತಾರಾ? ಊರಿನ ಕೆಳಗೆ 1200ಕ್ಕೂ ಹೆಚ್ಚು ಗುಹೆ ಕೊರೆದಿದ್ದಾರೆ. ಕೆಲವು ಎಟ್ರಸ್ಕನ್ನರ ಕಾಲದವು. ಗೈಡ್ ನಮ್ಮನ್ನು ಕರೆದುಕೊಂಡು ಹೋದ ಗುಹೆಯೊಂದರಲ್ಲಿ ಎಣ್ಣೆ ಗಾಣ ಇತ್ತು. ಇನ್ನೊಂದರ ಗೋಡೆ ತುಂಬ ಚೌಕ ಚೌಕ ಗೂಡು. ಪಾರಿವಾಳ ಸಾಕಲಿಕ್ಕೆ. ಶತ್ರು ಊರು ಮುತ್ತಿದರೂ ಪಾರಿವಾಳ ಬಂಡೆಯ ಕಿಂಡಿಯಿಂದ ಹಾರಿ ಹೋಗಿ, ತಾನೇ ಮೇದು, ಸಂಜೆಗೆ ಮನೆಗೆ ಬರುತ್ತದೆ. ಊಟ ತಾನಾಗೇ ಹಾರಿ ಬಂದ ಹಾಗೆ.

ನೀರು ಮಾತ್ರ ಹಾರಿ ಬರುವುದಿಲ್ಲವಲ್ಲ. 1527ರಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸ್‌ನ ಸೈನ್ಯ ರೋಮನ್ನು ಲೂಟಿ ಮಾಡಿದ ಮೇಲೆ ಪೋಪ್ ಏಳನೆಯ ಕ್ಲೆಮೆಂಟ್ ವೇಷ ಮರೆಸಿಕೊಂಡು ಓರ್ವಿಯೆತೊಗೆ ಓಡಿ ಬಂದ. ಇಂಗ್ಲೆಂಡಿನ ಎಂಟನೆಯ ಹೆನ್ರಿಯ ದೂತರು ಮದುವೆ ರದ್ದು ಮಾಡಿಕೊಡಿ ಅಂತ ಅವನನ್ನು ಹುಡುಕಿಕೊಂಡು ಬಂದಿದ್ದೂ ಇಲ್ಲಿಗೇ. ಮತ್ತೆ ಮುತ್ತಿಗೆ ಬಿದ್ದರೆ ಕುಡಿಯಲು ನೀರು ಬೇಡವೇ ಅಂತ ಅವನು ತೋಡಿಸಿದ ಬಾವಿಯೇ ಸೇಂಟ್ ಪ್ಯಾಟ್ರಿಕ್ ಬಾವಿ. ಕಟ್ಟಿದವನು ಆಂತೋನಿಯೊ ದ ಸಂಗಾಲ್ಲೊ, ಆ ಹೆಸರಿನ ಇಬ್ಬರಲ್ಲಿ ಕಿರಿಯವನು. ಆಳ 53 ಮೀಟರ್. ಬಾವಿಯ ಸುತ್ತ ಎರಡು ಸುರುಳಿ ಮೆಟ್ಟಿಲು, ಒಂದೊಂದರಲ್ಲೂ 248. ಒಂದಕ್ಕೊಂದು ಎಲ್ಲೂ ಕೂಡುವುದಿಲ್ಲ. ಹೇಸರಗತ್ತೆ ಖಾಲಿ ಕೊಡ ಹೊತ್ತು ಒಂದರಲ್ಲಿ ಇಳಿದು, ತಳದ ಸೇತುವೆ ದಾಟಿ, ತುಂಬಿದ ಕೊಡದೊಂದಿಗೆ ಇನ್ನೊಂದರಲ್ಲಿ ಹತ್ತಬೇಕು. ಎದುರು ಬದುರಾಗಿ ಟ್ರಾಫಿಕ್ ಜಾಮ್ ಆಗುವ ಪ್ರಶ್ನೆಯೇ ಇಲ್ಲ.

"ನೀನು ಹೋಗಿ ಬಾ, ನಾನು ಇಲ್ಲೇ ಕೂತಿರ್ತೀನಿ" ಅಂದರು ಅಮ್ಮ. ನಾನೊಬ್ಬಳೇ ಇಳಿದೆ. ಗೋಡೆಯಲ್ಲಿ ಕಿಟಕಿಗಳಿವೆ, 70. ಅವುಗಳಿಂದ ಬೆಳಕು ಬರುತ್ತದೆ. ಒಂದು ಕಿಟಕಿಯಲ್ಲಿ ಬಗ್ಗಿ ನೋಡಿದರೆ ಎದುರಿನ ಕಿಟಕಿಯಲ್ಲಿ ಏದುಸಿರು ಬಿಡುತ್ತಾ ಹತ್ತುವವರು ಕೈ ಬೀಸುತ್ತಾರೆ. ಕೆಳಗೆ ಹೋದ ಹಾಗೆ ಚಳಿ, ಪಾಚಿಯ ವಾಸನೆ. ಬಾವಿ ಮುಗಿದಿದ್ದು 1537ರಲ್ಲಿ. ಕ್ಲೆಮೆಂಟ್ 1534ರಲ್ಲೇ ತೀರಿಕೊಂಡಿದ್ದ. ಒಂದು ಲೋಟ ನೀರೂ ಕುಡಿಯಲಿಲ್ಲ ಪುಣ್ಯಾತ್ಮ. ಮುಗಿಸಿದ್ದು ಅವನ ನಂತರ ಬಂದ ಮೂರನೆಯ ಪಾಲ್. ಈ ಪಾಲ್ ಮತ್ತು ಈ ಸಂಗಾಲ್ಲೊ ಇಬ್ಬರೂ ನಮಗೆ ಮುಂದಿನ ಊರಲ್ಲಿ ಮತ್ತೆ ಸಿಗುತ್ತಾರೆ.

ಓರ್ವಿಯೆತೊದ ಕೆಥೆಡ್ರಲ್ 1290ರಲ್ಲಿ ಶುರುವಾಗಿದ್ದು. ಗೋಡೆಗೆ ಬಿಳಿ ಕಪ್ಪು ಕಲ್ಲಿನ ಪಟ್ಟೆ. ಮುಂಭಾಗದಲ್ಲಿ ಬಂಗಾರದ ಹೊಳಪು ಸ್ವಲ್ಪ ಜಾಸ್ತಿಯಾಯಿತು ಅನ್ನಿಸಿತು ನನಗೆ. ಆದರೆ ಒಳಗಿನ ಸಾನ್ ಬ್ರಿಜಿಯೊ ಚಾಪೆಲ್‌ನಲ್ಲಿ ಮಾತು ನಿಂತಿತು. ಲೂಕಾ ಸಿನ್ಯೊರೆಲ್ಲಿ 1499ರಿಂದ 1504ರವರೆಗೆ ಬರೆದ ಲೋಕಾಂತ್ಯದ ಚಿತ್ರಗಳು. ಒಂದರಲ್ಲಿ ಸತ್ತವರು ಏಳುತ್ತಿದ್ದಾರೆ. ಮೇಲೆ ಇಬ್ಬರು ದೇವದೂತರು ಕಹಳೆ ಊದುತ್ತಿದ್ದಾರೆ. ಕೆಳಗೆ ಬಿಳಿ ನೆಲದಿಂದ ಮೊದಲು ತಲೆ, ಆಮೇಲೆ ಹೆಗಲು, ಅಂಗೈ ಊರಿ ಮೊಣಕಾಲು ಎತ್ತಿ, ಒಬ್ಬೊಬ್ಬರೇ ಮೇಲೆ ಬರುತ್ತಿದ್ದಾರೆ. ಕೆಲವರು ಇನ್ನೂ ಬರಿ ಅಸ್ಥಿಪಂಜರ. ಅಮ್ಮ ಬೆಂಚಿನ ಮೇಲೆ ಕೂತು ತುಂಬ ಹೊತ್ತು ನೋಡಿದರು. "ಇವರಿಗೂ ಹತ್ತೋದೇ ಸುಲಭ ಅಂತ ಕಾಣುತ್ತೆ" ಅಂದರು. ಇನ್ನೊಂದು ಚಿತ್ರದ ಮೂಲೆಯಲ್ಲಿ ಸಿನ್ಯೊರೆಲ್ಲಿ ತಾನೇ ಕಪ್ಪು ಬಟ್ಟೆ ತೊಟ್ಟು ನಿಂತಿದ್ದಾನೆ. ಪಕ್ಕದಲ್ಲಿ, ಅರ್ಧ ಶತಮಾನದ ಹಿಂದೆ ಈ ಕೆಲಸ ಶುರುಮಾಡಿ ಬಿಟ್ಟುಹೋಗಿದ್ದ ಫ್ರಾ ಆಂಜೆಲಿಕೊನನ್ನೂ ನಿಲ್ಲಿಸಿಕೊಂಡಿದ್ದಾನೆ.

ತೆರೊಂತೊಲಾದಲ್ಲಿ ರೈಲು ಬದಲಿಸಿ ಪೆರೂಜಾಗೆ ಹೋದೆವು. ಇಲ್ಲಿ ಎಸ್ಕಲೇಟರೇ ಇತಿಹಾಸದೊಳಗೆ ಹೋಗುತ್ತದೆ. ಬಸ್ ನಿಲ್ದಾಣದ ಹತ್ತಿರ ಹತ್ತಿದರೆ, ಊರಿನ ಮಧ್ಯದ ಚೌಕ ಸೇರುವ ಮೊದಲು, ನೆಲದಡಿಯ ಒಂದು ಬೀದಿಯಲ್ಲಿ ಇಳಿಸುತ್ತದೆ. ಇಟ್ಟಿಗೆ ಗೋಡೆ, ಮನೆ ಬಾಗಿಲು, ಕಿಟಕಿ, ತಿರುವು, ಎಲ್ಲ ಇದೆ. ಆಕಾಶ ಇಲ್ಲ, ಅದರ ಬದಲು ಕಮಾನು. 1540ರಲ್ಲಿ ಮೂರನೆಯ ಪಾಲ್ ಉಪ್ಪಿನ ತೆರಿಗೆ ಏರಿಸಿದ. ಪೆರೂಜಾದವರು ತಿರುಗಿಬಿದ್ದು ಸೋತರು. ಬಾಲ್ಯೊನಿ ಮನೆತನದವರ ಕೇರಿಯಲ್ಲಿ ನೂರಕ್ಕೂ ಹೆಚ್ಚು ಮನೆ ಕೆಡವಿ, ಉಳಿದ ಬೀದಿಗಳ ಮೇಲೆ ಕಮಾನು ಹೊದಿಸಿ, ಅದನ್ನೇ ಅಡಿಪಾಯ ಮಾಡಿಕೊಂಡು ಪೋಪ್ ಕೋಟೆ ಎಬ್ಬಿಸಿದ. ಎಂಜಿನಿಯರು ಅದೇ ಸಂಗಾಲ್ಲೊ. ಓರ್ವಿಯೆತೊದಲ್ಲಿ ಊರಿಗೆ ನೀರು ತಂದವನು ಇಲ್ಲಿ ಊರನ್ನೇ ಹೂತ. ಆದರೂ ಎಟ್ರಸ್ಕನ್ನರ ಮಾರ್ಜಿಯಾ ಬಾಗಿಲನ್ನು ಒಡೆಯಲು ಅವನಿಗೆ ಮನಸ್ಸು ಬರಲಿಲ್ಲ. ಕಲ್ಲು ಕಲ್ಲು ಬಿಚ್ಚಿ ಕೋಟೆಯ ಗೋಡೆಗೆ ಸೇರಿಸಿದ. 1860ರಲ್ಲಿ ಪೋಪನ ಆಳ್ವಿಕೆ ಹೋದಾಗ ಜನ ಕೋಟೆಯನ್ನು ಕಿತ್ತು ಹಾಕಿದರು. ಹೂತ ಬೀದಿ ಉಳಿಯಿತು.

ಪೆರೂಜಾ ಇರುವ ಉಂಬ್ರಿಯಾ ಪ್ರಾಂತ್ಯದ ಬ್ರೆಡ್ಡಿಗೆ ಉಪ್ಪು ಹಾಕದಿರುವುದು ಆ ತೆರಿಗೆಯ ಸಿಟ್ಟಿಗೇ ಅಂತೆ. ಅಂಗಡಿಯವರೆಲ್ಲ ಹೇಳುತ್ತಾರೆ. ಪೋಪನ ತೆರಿಗೆ ಇಲ್ಲದ ಟಸ್ಕನಿಯಲ್ಲೂ ಬ್ರೆಡ್ಡು ಸಪ್ಪೆಯೇ, ಅದಕ್ಕೇ ನನಗೆ ಅನುಮಾನ. ನಾವು ಬ್ರೆಡ್ ಬಿಟ್ಟು ತೊರ್ತಾ ಅಲ್ ತೆಸ್ತೊ ಹಿಡಿದೆವು. ಕಾದ ಕಲ್ಲಿನ ಮೇಲೆ ಬೇಯಿಸುವ ದಪ್ಪ ರೊಟ್ಟಿ, ನಡುವೆ ಹುರಿದ ಸೊಪ್ಪು. ಸಸ್ಯಾಹಾರಿಗಳು ಮಾಂಸ ಬೇಡ ಅಂತ ಮೊದಲೇ ಹೇಳಿಬಿಡಬೇಕು.

ಪೆರೂಜಾದ ಚಿತ್ರಶಾಲೆಯಲ್ಲಿ ಪೆರುಜೀನೊನ ಚಿತ್ರಗಳು ಬೇಕಾದಷ್ಟಿವೆ. ನಾನು ನಿಂತಿದ್ದು ಪಿಯೆರೊ ದೆಲ್ಲಾ ಫ್ರಾಂಚೆಸ್ಕಾ ಬರೆದ ಒಂದು ಪೂಜಾಫಲಕದ ಎದುರು. ಅದರ ಮೇಲ್ತುದಿಯಲ್ಲಿ ದೇವದೂತ ಮತ್ತು ಮೇರಿಯ ನಡುವೆ ಕಂಬಗಳ ಓಣಿಯೊಂದು ದೂರಕ್ಕೆ ಓಡುತ್ತದೆ. ಇಷ್ಟು ದಿನ ಕೆಳಗೆ ಕೆಳಗೆ ಹೋಗಿದ್ದ ಕಣ್ಣು ಅಲ್ಲಿ ನೇರ ಒಳಕ್ಕೆ ಹೋಯಿತು.

ಕೊನೆಯ ದಿನ ವೊಲುಮ್ನಿ ಮನೆತನದ ಗೋರಿ. ಊರಾಚೆ, ರಸ್ತೆ ರೈಲು ಹಳಿಗಳ ಪಕ್ಕದಲ್ಲೇ ಇದೆ. 1840ರಲ್ಲಿ ರಸ್ತೆ ಮಾಡುವಾಗ ಸಿಕ್ಕಿದ್ದು. ಮೆಟ್ಟಿಲು ಕಡಿದಾಗಿದೆ ಅಂತ ನಾನು ಮೊದಲೇ ಹೇಳಿದೆ. ಅಮ್ಮ ಕೇಳಲಿಲ್ಲ. ಗೋಡೆ ಹಿಡಿದು, ಅಡ್ಡಡ್ಡ ಹೆಜ್ಜೆ ಇಟ್ಟು ಇಳಿದೇಬಿಟ್ಟರು.

ಒಳಗೆ ಮನೆಯ ಹಾಗೇ ಇದೆ. ನಡುಮನೆ, ಪಕ್ಕದ ಕೋಣೆಗಳು, ಬಂಡೆಯಲ್ಲೇ ಕೆತ್ತಿದ ಇಳಿಜಾರು ಚಾವಣಿ. ಅಸ್ಥಿಪೆಟ್ಟಿಗೆಗಳ ಮೇಲೆ ಗಂಡಸರು ಒರಗಿದ್ದಾರೆ. ಒಬ್ಬಳೇ ಹೆಂಗಸು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಾಳೆ. ಇವರೆಲ್ಲರ ಮನೆತನದ ಹೆಸರು ಎಟ್ರಸ್ಕನ್ ಭಾಷೆಯಲ್ಲಿ ವೆಲಿಮ್ನ. ಒಂದು ಪೆಟ್ಟಿಗೆ ಮಾತ್ರ ಬೇರೆ. ಅಮೃತಶಿಲೆಯದು, ಪುಟ್ಟ ಮನೆಯ ಆಕಾರ. ಅದರ ಮೇಲೆ ಎರಡು ಬರಹ. ಚಾವಣಿಯ ಮೇಲೆ ಎಟ್ರಸ್ಕನ್, ಮುಂದೆ ಲ್ಯಾಟಿನ್. ಅಷ್ಟು ಹೊತ್ತಿಗೆ ಇವರು ರೋಮನ್ನರಾಗಿದ್ದರು. ವೆಲಿಮ್ನ ಹೋಗಿ ವೊಲುಮ್ನಿಯುಸ್ ಆಗಿತ್ತು.

ನಾನು ಫೋನಿನ ಟಾರ್ಚ್ ಹಾಕದೆ, ಇದ್ದ ಬೆಳಕಲ್ಲೇ ಬೋರ್ಡು ಓದಿ ಅಮ್ಮನಿಗೆ ಹೇಳಿದೆ. ಲ್ಯಾಟಿನ್ ಬರಹದ ಕೊನೆಯಲ್ಲಿ 'ಕಾಫಾತಿಯಾಳ ಮಗ' ಅಂತಿದೆ. ಅಪ್ಪನ ಹೆಸರು ಹೇಳಿ ನಿಲ್ಲಿಸುವುದು ರೋಮನ್ನರ ರೂಢಿ. ಅಮ್ಮನ ಹೆಸರನ್ನೂ ಸೇರಿಸುವುದು ಎಟ್ರಸ್ಕನ್ನರ ರೂಢಿ.

"ಭಾಷೆ ಬಿಟ್ಟ, ಮನೆತನದ ಹೆಸರು ಬದಲಾಯಿಸಿಕೊಂಡ, ಅಮ್ಮನ್ನ ಬಿಡಲಿಲ್ಲ ನೋಡು" ಅಂದರು ಅಮ್ಮ. ಆಮೇಲೆ ನನ್ನ ಕೈ ಹಿಡಿದು, "ನಡಿ, ಇನ್ನು ಹತ್ತೋದು ತಾನೇ" ಅಂತ ನನಗಿಂತ ಮುಂದೆ ಮೆಟ್ಟಿಲು ಹತ್ತಿದರು.